ತಡಪೆಗೆ ಬರುವ ಮುನ್ನ ಹೊಗೆಸೊಪ್ಪಿನ ಹಾದಿ

ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಗಳಲ್ಲಿ ನೆಲೆಸಿರುವ ಕರಾವಳಿ ಮೂಲದ ಅನೇಕ ಕುಟುಂಬಗಳಿಗೆ ಬೀಡಿ ಹೊಸದಲ್ಲ. ಊರಿನ ಜಗಲಿಯಲ್ಲಿ ತಡಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿ, ಅದನ್ನು ಬ್ರಾಂಚಿಗೆ ಕೊಟ್ಟು ತಂದ ಹಣದಿಂದ ಮಕ್ಕಳ ಶಾಲೆಯ ಫೀಸು ಭರಿಸಿದ ತಾಯಂದಿರು ಹಲವರು. ಆದರೆ ಆ ತಡಪೆಯ ಹೊಗೆಸೊಪ್ಪು ಯಾರ ದುಡಿಮೆಯದು ಎಂದು ಕೇಳಿದರೆ ಬಲ್ಲವರು ಕಡಿಮೆ.

ಬೀಡಿ ತಂಬಾಕಿಗೆ ಹೆಸರಾದದ್ದು ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಊರಿಗೆ ಹೋಗುವವರು ದಾಟುವ ಪಟ್ಟಣವಿದು. ಇಲ್ಲಿನ ರೈತರು ಪಾತಿಯಲ್ಲಿ ಬೆಳೆಸಿದ ಸಸಿಯನ್ನು ಮಳೆಗಾಲದಲ್ಲಿ ಹೊಲಕ್ಕೆ ನೆಡುತ್ತಾರೆ. ಗಿಡ ಹೂವಿಗೆ ಬಂದಾಗ ತುದಿ ಚಿವುಟಿ, ಮತ್ತೆ ಮತ್ತೆ ಒಡೆಯುವ ಕಂಕುಳ ಚಿಗುರನ್ನು ಕೀಳುತ್ತಿರಬೇಕು. ಆಗಲೇ ಎಲೆಗೆ ಖಾರ ಬರುವುದು. ಎಲೆಯ ಮೇಲೆ ಕೆಂಗಂದು ಚುಕ್ಕೆ ಮೂಡಿದರೆ ಕಟಾವಿನ ಹದ.

ಮುಂದಿನದು ಒಣಗಿಸುವ ಕೆಲಸ. ತಂಬಾಕಿನ ಗುಣ ನಿರ್ಧಾರವಾಗುವುದು ಬಹುಪಾಲು ಇಲ್ಲೇ. ಆಂಧ್ರದಲ್ಲಿ ಬೆಳೆಯುವ ಬರ್ಲಿ ತಂಬಾಕನ್ನು ಚಪ್ಪರದ ನೆರಳಿನಲ್ಲಿ ವಾರಗಟ್ಟಲೆ ತೂಗುಹಾಕಿ ಗಾಳಿಗೆ ಒಣಗಿಸುತ್ತಾರೆ. ಎಲೆಯಲ್ಲಿ ಸಕ್ಕರೆಯ ಅಂಶ ಉಳಿಯುವುದೇ ಇಲ್ಲವೆನ್ನಬಹುದು. ಹುಣಸೂರು, ಪಿರಿಯಾಪಟ್ಟಣ ಕಡೆಯ ವರ್ಜೀನಿಯಾ ಎಲೆಯನ್ನು ಬ್ಯಾರನ್ನಿನಲ್ಲಿ ಸೌದೆಯ ಬಿಸಿಯಿಂದ ಸುಮಾರು ಒಂದು ವಾರ ಹದಗೊಳಿಸುತ್ತಾರೆ. ಅದರ ಬಣ್ಣ ಹೊಂಬಣ್ಣ. ನಿಪ್ಪಾಣಿಯ ತಂಬಾಕಿಗೆ ಬ್ಯಾರನ್ನೂ ಇಲ್ಲ, ಚಪ್ಪರವೂ ಇಲ್ಲ, ಹೊಲದ ಬಿಸಿಲೇ ಗತಿ. ಒಣಗಿದ ಎಲೆ ಪುಡಿಯಾಗದಂತೆ ಇಬ್ಬನಿಯ ಹೊತ್ತಿನಲ್ಲೇ ಎತ್ತಬೇಕು.

ಇಷ್ಟೆಲ್ಲ ಮಾಡಿದ ರೈತನ ಕೈಗೆ ಸಿಕ್ಕಿದ್ದೆಷ್ಟು? ವರ್ಜೀನಿಯಾ ಬೆಳೆಗಾರರಿಗೆ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿವೆ. ಬೀಡಿ ತಂಬಾಕಿನ ರೈತರಿಗೆ ವ್ಯಾಪಾರಿ ಹೇಳಿದ್ದೇ ದರ. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ನ್ಯಾಯಬೆಲೆಗಾಗಿ ಅವರು ನಿಪ್ಪಾಣಿಯಲ್ಲಿ ಇದೇ ಹೆದ್ದಾರಿಯನ್ನು ತಡೆದು ಕುಳಿತಾಗ, ಪೊಲೀಸರ ಗುಂಡಿಗೆ ರೈತರು ಬಲಿಯಾದರು.

ಹೊಗೆಸೊಪ್ಪು ಆರೋಗ್ಯಕ್ಕೆ ಕೇಡು ಎಂಬುದರಲ್ಲಿ ಎರಡು ಮಾತಿಲ್ಲ. ಕೇಡು ಸೇದುವವನೊಬ್ಬನಿಗೇ ಅಲ್ಲ. ಒದ್ದೆ ಎಲೆ ಮುಟ್ಟಿದ ಕೂಲಿಯಾಳಿನ ಚರ್ಮದಿಂದಲೇ ನಿಕೋಟಿನ್ ಮೈಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಬೀಡಿ ಕಟ್ಟುವವರು ದಿನವಿಡೀ ಅದರ ಧೂಳನ್ನೇ ಉಸಿರಾಡುತ್ತಾರೆ. ಬೀಡಿಯ ಹಣದಿಂದ ಓದಿ ಈ ಮಹಾನಗರದಲ್ಲಿ ನೆಲೆ ಕಂಡವರು ಬೀಡಿ ಬಿಡಿ ಎಂದು ಹೇಳುವುದು ಸರಿಯೇ. ಜತೆಗೆ, ಹೊಲದಲ್ಲೂ ಜಗಲಿಯಲ್ಲೂ ಅದನ್ನೇ ನಂಬಿರುವ ಕೈಗಳಿಗೆ ಬೇರೆ ಕೆಲಸವೇನು ಎಂದು ಕೇಳುವ ಹೊಣೆಯೂ ಅವರ ಮೇಲಿದೆ.