ರಜೆಯ ಪ್ರವಾಸದಲ್ಲಿ ಮಕ್ಕಳು ಯಾರ ಹೊಣೆ?

ಬೇಸಿಗೆ ರಜೆ ಶುರುವಾಗುವುದೇ ತಡ, ಮಕ್ಕಳದ್ದು ಒಂದೇ ಹಠ: "ಅಮ್ಮೀ, ಸಮುದ್ರಕ್ಕೆ ಯಾವಾಗ ಹೋಗೋದು?" ನಿಮ್ಮ ಮನೆಯಲ್ಲೂ ಈ ಮಾತು ಕೇಳಿಬರುತ್ತಿರಬಹುದು. ಒಂದು ಕಾಲದಲ್ಲಿ ರಜೆಯೆಂದರೆ ಅಜ್ಜಿಮನೆ. ಈಗ ಎರಡು ಮೂರು ಕುಟುಂಬಗಳು ಸೇರಿ, ಒಂದು ವಾಹನ ಮಾಡಿಕೊಂಡು, ಕರಾವಳಿಯ ಯಾವುದಾದರೂ ರೆಸಾರ್ಟ್‌ಗೆ ಹೋಗಿ ಬರುವುದು ಹಳ್ಳಿಯ ಮನೆಗಳಲ್ಲೂ ರೂಢಿಯಾಗುತ್ತಿದೆ. ಅದು ಒಳ್ಳೆಯದೇ. ದುಡಿದ ದೇಹಕ್ಕೆ ವಿಶ್ರಾಂತಿ ಬೇಕು. ಅಲ್ಲಾಹನ ಸೃಷ್ಟಿ ಎಷ್ಟು ವಿಶಾಲವೆಂದು ಮಕ್ಕಳೂ ಕಣ್ಣಾರೆ ನೋಡಬೇಕು. ಆದರೆ ಹೊರಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

"ಎಲ್ಲರೂ ಇದ್ದೇವಲ್ಲ" ಎಂದು ನೀವು ಹೇಳಬಹುದು. ನಾವೂ ಹಾಗೆಯೇ ಹೇಳಿದ್ದೆವು.

ಆ ಐದು ನಿಮಿಷ

ನಮ್ಮದು ನ್ಯಾಮತಿ ತಾಲೂಕಿನ ಗೋವಿನಕೋವಿ. ತೋಟ, ಗದ್ದೆ, ದನಕರು ಎಂದು ಮನೆ ಬಿಟ್ಟು ಹೊರಡುವುದೇ ಕಷ್ಟ. ಹಾಗಿದ್ದೂ ಒಂದು ಏಪ್ರಿಲ್‌ನಲ್ಲಿ ಮೂರು ಕುಟುಂಬಗಳು ಧೈರ್ಯ ಮಾಡಿದೆವು. ನಾವು, ನಮ್ಮವರ ಅಣ್ಣನ ಕುಟುಂಬ ಮತ್ತು ಪಕ್ಕದ ಮನೆಯವರು. ಪಕ್ಕದ ಮನೆಯವರು ಲಿಂಗಾಯತರು. ಆ ಮನೆಯ ಯಜಮಾನರೂ ನಮ್ಮವರೂ ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವರು. ದೊಡ್ಡವರು ಆರು ಜನ, ಮಕ್ಕಳು ಏಳು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮಕ್ಕಳ ವಾಂತಿ ಒರೆಸುತ್ತಾ, ಮಧ್ಯಾಹ್ನದ ಹೊತ್ತಿಗೆ ಉಡುಪಿ ಕಡೆಯ ಒಂದು ರೆಸಾರ್ಟ್ ತಲುಪಿದೆವು. ತೆಂಗಿನ ತೋಟ, ಅದರಾಚೆ ಸಮುದ್ರ, ಮಧ್ಯೆ ನೀಲಿಯಾದ ಈಜುಕೊಳ.

ಗಂಡಸರು ಜಗಲಿಯಲ್ಲಿ ಕೂತು ಅಡಿಕೆ ಧಾರಣೆ ಮಾತಾಡುತ್ತಿದ್ದರು. ನಾವು ಹೆಂಗಸರು ಬ್ಯಾಗು ಇಳಿಸಿ, ಮಕ್ಕಳ ಬಟ್ಟೆ ಬದಲಿಸಿ, ಊರಿಂದ ತಂದ ಬುತ್ತಿ ಬಿಚ್ಚಿ ತಟ್ಟೆಗೆ ಹಾಕುತ್ತಿದ್ದೆವು. ಅಷ್ಟರಲ್ಲಿ ಹೊರಗಿನಿಂದ ಒಂದು ಕೂಗು ಕೇಳಿತು. "ಈ ಮಗು ಯಾರದ್ದು ಮಾರಾಯ್ರೇ?"

ಓಡಿ ಹೋಗಿ ನೋಡಿದರೆ, ಅಂಗಳ ಗುಡಿಸುತ್ತಿದ್ದ ಹೆಂಗಸು ನಮ್ಮ ಭಾಬಿಯ ಮೂರು ವರ್ಷದ ಮಗಳನ್ನು ಫ್ರಾಕು ಹಿಡಿದು ನಿಲ್ಲಿಸಿಕೊಂಡಿದ್ದರು. ಮಗುವಿನ ಒಂದು ಕಾಲು ಒದ್ದೆಯಾಗಿತ್ತು. ಕೊಳದಲ್ಲಿ ಕೆಂಪು ಚೆಂಡೊಂದು ತೇಲುತ್ತಿತ್ತು. ಅದನ್ನು ಹಿಡಿಯಲು ಹೊರಟಿದ್ದಳು ಅವಳು.

ಮಗಳು ತಂದೆಯ ಬಳಿ ಇದ್ದಾಳೆಂದು ಭಾಬಿ ತಿಳಿದಿದ್ದರು. ಹೆಂಗಸರ ಜೊತೆ ಇದ್ದಾಳೆಂದು ಭಾವ ತಿಳಿದಿದ್ದರು. ನನ್ನ ಒಂಬತ್ತು ವರ್ಷದ ಮಗಳ ಜೊತೆ ಆಡುತ್ತಿದ್ದಾಳೆಂದು ನಾನು ತಿಳಿದಿದ್ದೆ. ನನ್ನ ಮಗಳು ಬಚ್ಚಲಿಗೆ ಹೋಗಿದ್ದಳು. ಆರು ಜನ ದೊಡ್ಡವರ ನಡುವೆ ಐದು ನಿಮಿಷ ಆ ಮಗುವಿಗೆ ಯಾರೂ ಇರಲಿಲ್ಲ.

"ನಿನ್ನ ಗಮನ ಎಲ್ಲಿತ್ತು?" ಭಾವನವರ ಬಾಯಿಂದ ಬಂದ ಮೊದಲ ಮಾತು ಇದು. ಯಾವತ್ತೂ ಎದುರಾಡದ ಭಾಬಿ ಮಗುವನ್ನು ಅವುಚಿಕೊಂಡೇ ಕೇಳಿದರು: "ನಿಮ್ಮದು ಎಲ್ಲಿತ್ತು?"

ಯಾರೂ ಉತ್ತರ ಕೊಡಲಿಲ್ಲ. ಆ ರಾತ್ರಿ ಭಾಬಿ ಊಟ ಮಾಡಲಿಲ್ಲ.

ಮೂವರು ಹೊರಟರೆ ಒಬ್ಬ ಅಮೀರ್

ತಪ್ಪು ಯಾರದ್ದು? ಒಬ್ಬರದ್ದು ಎನ್ನುವುದು ಕಷ್ಟ. ಊರಿನಲ್ಲಿ ಮಗು ಅಂಗಳಕ್ಕಿಳಿದರೆ ಎದುರು ಮನೆಯ ಅಜ್ಜಿ ನೋಡುತ್ತಾರೆ, ಅಂಗಡಿಯವರು ನೋಡುತ್ತಾರೆ. ಹಾದಿಯಲ್ಲಿ ಹೋಗುವವರಿಗೂ ಅದು ಯಾರ ಮನೆಯ ಮಗುವೆಂದು ಗೊತ್ತು. ರೆಸಾರ್ಟ್‌ನಲ್ಲಿ ಆ ಕಣ್ಣುಗಳು ಇರುವುದಿಲ್ಲ. ಅಲ್ಲಿ ಎಲ್ಲರೂ ಹೊಸಬರು. ಜನ ಹೆಚ್ಚಿದ್ದಷ್ಟೂ ಬೇರೆಯವರು ನೋಡುತ್ತಾರೆಂಬ ಭರವಸೆಯೂ ಹೆಚ್ಚುತ್ತದೆ. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲದಂತಾಗುತ್ತದೆ.

ಇದಕ್ಕೆ ಪರಿಹಾರ ನಮ್ಮ ದೀನ್‌ನಲ್ಲೇ ಇದೆ. ಮೂವರು ಪ್ರಯಾಣ ಹೊರಟರೆ ತಮ್ಮಲ್ಲೊಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಪ್ರತಿಯೊಬ್ಬರೂ ತಮ್ಮ ಸುಪರ್ದಿಯಲ್ಲಿರುವವರ ಬಗ್ಗೆ ಉತ್ತರ ಹೇಳಬೇಕಾದವರೆಂದು ಎಚ್ಚರಿಸಿದ್ದಾರೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಉಪದೇಶ ನಮಗೆಲ್ಲ ಬಾಯಿಪಾಠ. ಕೊಳದ ಪಕ್ಕ ಮಗುವನ್ನು ಬಿಟ್ಟು "ಅಲ್ಲಾಹ್ ನೋಡಿಕೊಳ್ಳುತ್ತಾನೆ" ಎನ್ನುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟದೇ ಬಿಟ್ಟಂತೆ.

ಆ ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತೆವು. ಪಕ್ಕದ ಮನೆಯ ಅಕ್ಕ ಒಂದು ಮಾತು ಹೇಳಿದರು: "ಹೊಲದಲ್ಲಿ ನೀರು ಬಿಡೋಕೆ ಪಾಳಿ ಹಾಕ್ಕೊಳ್ತೀವಿ, ಮಕ್ಕಳಿಗೆ ಯಾಕೆ ಹಾಕ್ಕೋಬಾರದು?" ಆ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು.

ಮರುದಿನ ಬೆಳಿಗ್ಗೆ ಹತ್ತು ರೂಪಾಯಿಯ ಒಂದು ಪೀಪಿ ತಂದೆವು. ಅದಕ್ಕೆ ದಾರ ಕಟ್ಟಿದೆವು. ಪೀಪಿ ಯಾರ ಕೊರಳಲ್ಲಿದೆಯೋ ಪಾಳಿ ಅವರದ್ದು. ಅರ್ಧ ಗಂಟೆ ಅವರು ಫೋನ್ ಮುಟ್ಟುವಂತಿಲ್ಲ, ಊಟಕ್ಕೆ ಕೂರುವಂತಿಲ್ಲ, ಹರಟುವಂತಿಲ್ಲ. ಪಾಳಿ ಬದಲಾಗುವಾಗ ಏಳು ಮಕ್ಕಳ ತಲೆ ಎಣಿಸಿ, "ಈಗ ನಿಮ್ಮದು" ಎಂದು ಬಾಯಿಬಿಟ್ಟು ಹೇಳಿ, ಪೀಪಿ ದಾಟಿಸಬೇಕು. ಗಂಡಸರು ಮೂವರು, ಹೆಂಗಸರು ಮೂವರು, ಎಲ್ಲರಿಗೂ ಸಮ ಪಾಳಿ. ದೊಡ್ಡ ಮಕ್ಕಳಿಗೆ ಪಾಳಿ ಇಲ್ಲ. ಒಂಬತ್ತು ವರ್ಷದ ಹುಡುಗಿಯೂ ಮಗುವೇ ಎಂಬುದನ್ನು ನಾವು ಹಿಂದಿನ ದಿನವಷ್ಟೇ ಕಲಿತಿದ್ದೆವು.

ರೆಸಾರ್ಟ್ ಗೊತ್ತು ಮಾಡುವ ಮುನ್ನ

ಕೋಣೆಯ ಬಾಡಿಗೆ ಕೇಳುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಈಜುಕೊಳದ ಸುತ್ತ ಬೇಲಿಯಿದೆಯೇ, ಗೇಟು ಇದೆಯೇ? ಆಳ ಎಷ್ಟೆಂದು ಬರೆದಿದ್ದಾರೆಯೇ? ನೀರಿನ ಬಳಿ ಕಾವಲಿನವರು ಇರುತ್ತಾರೆಯೇ, ಯಾವ ಹೊತ್ತಿನವರೆಗೆ? ನಮ್ಮ ಕೋಣೆ ಕೊಳದಿಂದ ಎಷ್ಟು ದೂರ? ಕೋಣೆಯ ಬಾಗಿಲಿಗೆ ಮಗುವಿನ ಕೈಗೆ ಎಟುಕದ ಚಿಲಕ ಇದೆಯೇ? ಒಂದು ಕಡೆ ಆಳವಿಲ್ಲದಂತೆ ಕಾಣುವ ಕೊಳ ಇನ್ನೊಂದು ಕಡೆ ಆಳವಾಗಿರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ತಿಳಿಯುವುದಿಲ್ಲ.

2024ರ ನವೆಂಬರ್ 17ರಂದು ಉಳ್ಳಾಲದ ಬಳಿ ಸೋಮೇಶ್ವರ ಉಚ್ಚಿಲದ ಒಂದು ರೆಸಾರ್ಟ್‌ನ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅವರು ಪುಟ್ಟ ಮಕ್ಕಳಾಗಿರಲಿಲ್ಲ, ಕಾಲೇಜು ಓದುವ ಹುಡುಗಿಯರು. ಮೂವರಿಗೇ ಹೀಗಾದರೆ ಮೂರು ವರ್ಷದ ಮಗುವಿನ ಗತಿಯೇನು?

ಅಡುಗೆಮನೆಯ ಬಗ್ಗೆಯೂ ಮೊದಲೇ ಮಾತಾಡಿ. ಮಾಂಸ ಹಲಾಲ್ ಆಗಿದೆಯೇ, ಮಕ್ಕಳು ಓಡಾಡುವ ಕಡೆ ಮದ್ಯ ಇರುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ನಮ್ಮ ಜೊತೆಗಿದ್ದ ಅಕ್ಕನ ಮನೆಯವರಿಗೆ ಸಸ್ಯಾಹಾರದ ಪಾತ್ರೆ ಬೇರೆಯಿರಬೇಕಿತ್ತು. ಮದ್ಯದ ವಿಷಯದಲ್ಲಿ ನಮಗಿಂತ ಅವರೇ ಗಟ್ಟಿಯಾಗಿ ಕೇಳಿದರು. ಖರ್ಚಿನ ಪಾಲನ್ನೂ ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಒಬ್ಬರಿಗೆ ಹಗುರವಾದದ್ದು ಇನ್ನೊಬ್ಬರಿಗೆ ಸಾಲವಾಗಬಾರದು.

ಇನ್ನೊಂದು ವಿಷಯ ಬಟ್ಟೆಯದ್ದು. ಕೊಳಕ್ಕಿಳಿಯುವಾಗ ನೈಲಾನಿನ ಈಜುಡುಪು ಬೇಕೆಂದು ಅನೇಕ ಕಡೆ ನಿಯಮವಿದೆ. ಮೈತುಂಬ ಮುಚ್ಚುವ ಈಜುಡುಪು ಈಗ ಸಿಗುತ್ತದೆ. 2004ರಲ್ಲಿ ಆಸ್ಟ್ರೇಲಿಯಾದ ಒಬ್ಬ ಮುಸ್ಲಿಮ್ ಮಹಿಳೆ ರೂಪಿಸಿದ ಬುರ್ಕಿನಿ ಇಂಥದ್ದೇ ಉಡುಪು. ನೀವು ನೀರಿಗೆ ಇಳಿಯದಿದ್ದರೂ ಇದನ್ನು ನೆನಪಿಡಿ: ಒದ್ದೆಯಾದ ಬುರ್ಖಾ, ಸೀರೆ, ದುಪಟ್ಟಾ ಕಾಲಿಗೆ ಸುತ್ತಿಕೊಂಡು ಕೆಳಕ್ಕೆ ಎಳೆಯುತ್ತವೆ. ಮಗುವನ್ನು ಹಿಡಿಯಲು ಧುಮುಕಿದ ತಾಯಿಯೇ ಮುಳುಗುವ ಅಪಾಯವಿದೆ. ಈಜು ಬರದವರು ನೀರಿಗೆ ಹಾರದೆ ಹಗ್ಗ, ಕೋಲು, ಗಾಳಿ ತುಂಬಿದ ಟ್ಯೂಬು, ದುಪಟ್ಟಾ ಏನಾದರೂ ಚಾಚಿ ಎಳೆಯಬೇಕು, ಜೊತೆಗೆ ಕೂಗಬೇಕು.

ನದಿ ಬಲ್ಲವರಿಗೆ ಸಮುದ್ರ ಗೊತ್ತಿಲ್ಲ

ತುಂಗಭದ್ರೆಯ ಸೀಮೆಯವರಾದ ನಮ್ಮ ಗಂಡಸರಿಗೆ ಒಂದು ಹೆಮ್ಮೆ. ಹೊಳೆಯಲ್ಲಿ, ನಾಲೆಯಲ್ಲಿ ಈಜಿದವರಿಗೆ ಸಮುದ್ರವೇನು ಮಹಾ ಎಂದು. ಸಮುದ್ರದ ರೀತಿ ಬೇರೆ. ದಡಕ್ಕೆ ಬಂದ ಅಲೆಯ ನೀರು ಕೆಲವು ಕಡೆ ಒಂದೇ ಜಾಡಿನಲ್ಲಿ ರಭಸವಾಗಿ ಹಿಂದಕ್ಕೆ ಹೋಗುತ್ತದೆ. ಆ ಜಾಡಿನಲ್ಲಿ ಅಲೆ ಏಳುವುದು ಕಡಿಮೆಯಾದ್ದರಿಂದ ಅಲ್ಲೇ ನೀರು ಶಾಂತವಾಗಿ ಕಾಣುತ್ತದೆ. ಜನ ಮೋಸ ಹೋಗುವುದೂ ಅಲ್ಲೇ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ಸ್ವಲ್ಪ ದೂರ ದಡಕ್ಕೆ ಸಮಾನವಾಗಿ ಅಡ್ಡಕ್ಕೆ ಈಜಿ, ಸೆಳೆತ ತಪ್ಪಿಸಿಕೊಂಡು, ಆಮೇಲೆ ದಡದತ್ತ ತಿರುಗಬೇಕು.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಯಲುಸೀಮೆಯಿಂದ ಸಮುದ್ರ ನೋಡಲು ಬಂದಿದ್ದ ಮಕ್ಕಳು. ಈ ಸುದ್ದಿ ಓದಿದಾಗಲೆಲ್ಲ ನನಗೆ ಆ ಕೆಂಪು ಚೆಂಡು ನೆನಪಾಗುತ್ತದೆ.

ಹಾಗೆಂದು ಸಮುದ್ರಕ್ಕೇ ಹೋಗಬೇಡಿ ಎನ್ನುತ್ತಿಲ್ಲ. ಕಾವಲಿನವರಿರುವ ಕಡಲತೀರ ಆರಿಸಿಕೊಳ್ಳಿ. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಇವೆರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸ್ವಚ್ಛತೆಯ ಜೊತೆಗೆ ಸುರಕ್ಷತೆಯನ್ನೂ ನೋಡಿ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಅದು. ಕೆಂಪು ಬಾವುಟ ಹಾಕಿದ್ದರೆ ಕಾಲೂ ನೆನೆಸಬೇಡಿ. ಮಳೆಗಾಲದಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುವ ಯೋಚನೆಯೇ ಬೇಡ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳನ್ನೂ ಆ ತಿಂಗಳುಗಳಲ್ಲಿ ನಿಲ್ಲಿಸುತ್ತಾರೆ. ದೋಣಿ ಹತ್ತುವಾಗ ಮಗುವಿನ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆ, ಬಾತುಕೋಳಿ ಟ್ಯೂಬು ಇವೆಲ್ಲ ಆಟಿಕೆಗಳು, ಜೀವ ಉಳಿಸುವ ಸಾಧನಗಳಲ್ಲ.

ಮುಳುಗುವ ಮಗು ಕೂಗುವುದಿಲ್ಲ

ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕಿರುಚುತ್ತಾರೆ. ನಿಜವಾಗಿ ಪುಟ್ಟ ಮಗು ಸದ್ದಿಲ್ಲದೆ ಮುಳುಗುತ್ತದೆ. ಉಸಿರಿಗೇ ಒದ್ದಾಡುವ ಮಗು ಕೂಗುವುದಾದರೂ ಹೇಗೆ? ಅದಕ್ಕೆ ಆಳದ ನೀರೂ ಬೇಕಿಲ್ಲ. ಮನೆಯ ಬಕೆಟ್ಟು, ದನದ ನೀರಿನ ತೊಟ್ಟಿ, ತೋಟದ ಹೊಂಡ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ಅಂದಾಜು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಮುಳುಗಿದ ಮಗುವನ್ನು ಹೊರತೆಗೆದ ಮೇಲೆ ನಮ್ಮ ಕಡೆ ಹೊಟ್ಟೆ ಒತ್ತುತ್ತಾರೆ, ಕಾಲು ಹಿಡಿದು ತಲೆಕೆಳಗೆ ತಿರುಗಿಸುತ್ತಾರೆ. ಎರಡನ್ನೂ ಮಾಡಬಾರದು. ಅಮೂಲ್ಯ ಸಮಯ ಹಾಳಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಉಸಿರಾಡುತ್ತಿಲ್ಲವಾದರೆ ಅಂಗಾತ ಮಲಗಿಸಿ, ಗಲ್ಲ ಸ್ವಲ್ಪ ಮೇಲೆತ್ತಿ, ಬಾಯಿಂದ ಐದು ಸಲ ಉಸಿರು ಕೊಡಬೇಕು. ಆಮೇಲೆ ಎದೆಯ ನಡುಭಾಗವನ್ನು 30 ಸಲ ಒತ್ತಿ, ಎರಡು ಉಸಿರು ಕೊಟ್ಟು, ಮತ್ತೆ ಒತ್ತುವುದನ್ನು ಆಂಬುಲೆನ್ಸ್ ಬರುವವರೆಗೆ ಬಿಡಬಾರದು. ಓದಿದರಷ್ಟೇ ಸಾಲದು. ಆಸ್ಪತ್ರೆಯ ದಾದಿಯರನ್ನೋ ವೈದ್ಯರನ್ನೋ ಕೇಳಿ ಕಲಿಯಿರಿ. ಮಗು ಚೇತರಿಸಿಕೊಂಡು ಆಡುತ್ತಿದ್ದರೂ ಒಮ್ಮೆ ಆಸ್ಪತ್ರೆಗೆ ತೋರಿಸಲೇಬೇಕು.

ಅಮ್ಮನಿಗೂ ರಜೆ ಬೇಕು

ಪ್ರಯಾಣಿಕರಿಗೆ ನಾಲ್ಕು ರಕಅತ್‌ನ ಫರ್ಝ್ ನಮಾಝನ್ನು ಎರಡಕ್ಕೆ ಇಳಿಸಿ ಅಲ್ಲಾಹನು ಸಡಿಲಿಕೆ ಕೊಟ್ಟಿದ್ದಾನೆ. ಅಲ್ಲಾಹನೇ ಕೊಟ್ಟ ಸಡಿಲಿಕೆಯನ್ನು ನಮ್ಮ ಮನೆಯವರು ಮನೆಯೊಡತಿಗೆ ಕೊಡುವುದಿಲ್ಲವೇಕೆ? ಊರಲ್ಲಿ ಮಾಡಿದ್ದನ್ನೇ ಸಮುದ್ರದ ದಡದಲ್ಲೂ ಮಾಡಿ ಬರುವುದಾದರೆ ಅದು ಪ್ರವಾಸವಲ್ಲ, ಕೆಲಸದ ಜಾಗ ಬದಲಾದದ್ದು ಅಷ್ಟೇ. ಬಡಿಸುವ ಕೈ ಒಂದು, ಮಗುವನ್ನು ಹಿಡಿಯುವ ಕೈ ಒಂದು ಎಂದು ತಾಯಿ ಹಂಚಿಹೋದಾಗಲೇ ಅವಘಡ ಆಗುವುದು. ತಾಯಿಗೆ ವಿಶ್ರಾಂತಿ ಕೊಡುವುದೂ ಮಗುವನ್ನು ಕಾಯುವುದೂ ಬೇರೆ ಬೇರೆ ಕೆಲಸಗಳಲ್ಲ.

ಕೊನೆಯ ದಿನ ಫಜ್ರ್ ನಮಾಝ್ ಮುಗಿಸಿ ನಾನು ಹೊರಗೆ ಬಂದಾಗ ಭಾಬಿ ಮರಳಿನ ಮೇಲೆ ಒಬ್ಬರೇ ಕೂತಿದ್ದರು. ಕೈಯಲ್ಲಿ ಚಹಾದ ಲೋಟ. ಆಚೆ ತೆಂಗಿನ ಮರದ ಕೆಳಗೆ ಭಾವ ನಿಂತಿದ್ದರು, ಕೊರಳಲ್ಲಿ ಪೀಪಿ. ಬೆರಳು ಮಡಚುತ್ತಾ ಮಕ್ಕಳನ್ನು ಎಣಿಸುತ್ತಿದ್ದರು. "ಮದುವೆಯಾಗಿ ಹನ್ನೊಂದು ವರ್ಷಕ್ಕೆ ಬಿಸಿ ಚಹಾ ಬಿಸಿಯಾಗೇ ಕುಡಿದೆ" ಎಂದರು ಭಾಬಿ.

ಪ್ರಿಯ ಸಹೋದರಿಯರೇ, ಈ ರಜೆಯಲ್ಲಿ ನೀವೂ ಹೊರಡುವವರಿದ್ದರೆ ಬುತ್ತಿ, ಬಟ್ಟೆಗಳ ಜೊತೆ ಒಂದು ಪೀಪಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ವಾಹನ ಹತ್ತುವ ಮೊದಲೇ ಅಮೀರ್ ಯಾರು, ಮೊದಲ ಪಾಳಿ ಯಾರದ್ದು ಎಂದು ನಿರ್ಧರಿಸಿ. ಪ್ರಯಾಣದ ದುಆ ಓದಿ, ತಲೆ ಎಣಿಸಿ, ಹೊರಡಿ. ಹೊರಟಾಗ ಎಷ್ಟು ತಲೆಗಳಿದ್ದವೋ ಅಷ್ಟೇ ತಲೆಗಳೊಂದಿಗೆ ಅಲ್ಲಾಹನು ನಿಮ್ಮೆಲ್ಲರನ್ನೂ ಕ್ಷೇಮವಾಗಿ ಮನೆ ಸೇರಿಸಲಿ. ಆಮೀನ್.