ಕೋಟೆಯೋ ಸಂತೆಯೋ: ಆಂಡ್ರಾಯ್ಡ್, ಐಫೋನ್ ನಡುವಿನ ಆಯ್ಕೆ

ಹೊಳಲ್ಕೆರೆಯ ಅಡಿಕೆ ತೋಟದವರು ಭೀಮಸಮುದ್ರದ ಪೇಟೆ ಧಾರಣೆಯನ್ನು ನೋಡುವುದು ಈಗ ಫೋನಿನಲ್ಲಿ. ಹಿರಿಯೂರಿನ ರೈತನ ಪಹಣಿ, ಹೊಸದುರ್ಗದ ವಿದ್ಯಾರ್ಥಿಯ ಪರೀಕ್ಷಾ ಫಲಿತಾಂಶ, ಚಿತ್ರದುರ್ಗದ ತರಕಾರಿ ಅಂಗಡಿಯ ಚಿಲ್ಲರೆ ವ್ಯವಹಾರ ಎಲ್ಲವೂ ಅಂಗೈಯಗಲದ ಅದೇ ಗಾಜಿನ ಹಿಂದೆ ಸೇರಿಕೊಂಡಿವೆ. ಮಾತನಾಡುವುದಕ್ಕೆಂದು ಬಂದ ಉಪಕರಣ ಕಾಗದಪತ್ರದ ಪೆಟ್ಟಿಗೆಯೂ ಹಣದ ಚೀಲವೂ ಮನೆಮಂದಿಯ ಫೋಟೋ ಆಲ್ಬಮ್ಮೂ ಆಗಿಬಿಟ್ಟಿದೆ. ಆದ್ದರಿಂದ ಕಂತಿನ ಮೇಲೆ ಫೋನು ಕೊಳ್ಳಹೊರಟವರು ‘ಆಂಡ್ರಾಯ್ಡ್ ಒಳ್ಳೆಯದೋ, ಐಫೋನ್ ಒಳ್ಳೆಯದೋ’ ಎಂದು ಕೇಳಿದರೆ ಅದನ್ನು ಬರೀ ಷೋಕಿಯ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ.

ಪ್ರಶ್ನೆಯ ಒಳಹೊಕ್ಕು ನೋಡಿದರೆ ಅಲ್ಲಿರುವುದು ಎರಡು ಯಂತ್ರಗಳ ಪೈಪೋಟಿಯಲ್ಲ, ಎರಡು ವ್ಯವಸ್ಥೆಗಳದು. ಫೋನಿನ ಗಾಜು, ಬ್ಯಾಟರಿ, ಕ್ಯಾಮೆರಾಗಳನ್ನೆಲ್ಲ ಹತೋಟಿಯಲ್ಲಿಟ್ಟು, ಆ್ಯಪ್‌ಗಳಿಗೆ ನೆಲೆ ಒದಗಿಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣೆ ವ್ಯವಸ್ಥೆ ಎನ್ನುತ್ತಾರೆ. ಮನೆಗೆ ತಳಪಾಯ ಇದ್ದಂತೆ ಫೋನಿಗೆ ಇದು. ಒಂದು ತಳಪಾಯಕ್ಕೆಂದು ಕಟ್ಟಿದ ಆ್ಯಪ್ ಇನ್ನೊಂದರ ಮೇಲೆ ನಿಲ್ಲುವುದಿಲ್ಲ. ಫೋನು ಆರಿಸಿಕೊಂಡವರು ತಿಳಿದೋ ತಿಳಿಯದೆಯೋ ಈ ತಳಪಾಯವನ್ನೂ ಆರಿಸಿಕೊಂಡಿರುತ್ತಾರೆ.

ಎರಡು ಬಗೆಯ ಊರು

ಆಪಲ್ ಕಂಪನಿ ತನ್ನ ಮೊದಲ ಐಫೋನನ್ನು ಪ್ರಕಟಿಸಿದ್ದು 2007ರ ಜನವರಿ 9ರಂದು. ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯನ್ನು ಕೊಂಡು, 2007ರ ನವೆಂಬರಿನಲ್ಲಿ ಹಲವು ತಯಾರಕರ ಕೂಟ ಕಟ್ಟಿತು. ಆಂಡ್ರಾಯ್ಡ್‌ನ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ.

ಇವೆರಡರ ವ್ಯತ್ಯಾಸ ದುರ್ಗದವರಿಗೆ ಸುಲಭವಾಗಿ ಅರ್ಥವಾಗುವಂಥದು. ಐಫೋನು ಏಳುಸುತ್ತಿನ ಕೋಟೆಯ ಹಾಗೆ. ಕಲ್ಲು ಕಡಿದವರು, ಗೋಡೆ ಕಟ್ಟಿದವರು, ಬಾಗಿಲು ಕಾಯುವವರು ಎಲ್ಲ ಒಬ್ಬನೇ ಅರಸನ ಆಳುಗಳು. ಯಂತ್ರವೂ ತಂತ್ರಾಂಶವೂ ಆಪಲ್‌ದೇ. ಭಾರತದಲ್ಲಿ ಐಫೋನಿಗೆ ಆ್ಯಪ್ ಹಾಕಿಕೊಳ್ಳಬೇಕಾದರೆ ಆಪಲ್‌ನ ಅಂಗಡಿಯೊಂದೇ ಬಾಗಿಲು, ಅಲ್ಲಿ ತಪಾಸಣೆಯಾಗದೆ ಒಳಗೆ ಪ್ರವೇಶವಿಲ್ಲ. ಯುರೋಪಿನ ಒಕ್ಕೂಟ ಕಾನೂನು ಮಾಡಿದ ಮೇಲೆ 2024ರಲ್ಲಿ ಅಲ್ಲಿಯ ದೇಶಗಳಲ್ಲಿ ಮಾತ್ರ ಬೇರೆ ಬಾಗಿಲನ್ನು ತೆರೆಯಬೇಕಾಯಿತು.

ಆಂಡ್ರಾಯ್ಡ್ ಸಂತೆಯಂತೆ. ಅದರ ಮೂಲ ತಂತ್ರಾಂಶವನ್ನು ಯಾರು ಬೇಕಾದರೂ ತೆಗೆದುಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಆದ್ದರಿಂದಲೇ ಹತ್ತಾರು ಕಂಪನಿಗಳು ಬಗೆಬಗೆಯ ಬೆಲೆಗೆ ಫೋನು ಮಾಡಿ ಹರವಿಕೊಂಡು ಕೂತಿವೆ. ಹತ್ತು ಹನ್ನೆರಡು ಸಾವಿರಕ್ಕೂ ಫೋನು ಸಿಗುತ್ತದೆ, ಲಕ್ಷ ದಾಟಿದ್ದೂ ಸಿಗುತ್ತದೆ.

ಆದರೆ ಸಂತೆಗೂ ಒಬ್ಬ ಗುತ್ತಿಗೆದಾರನಿರುತ್ತಾನೆ. ಮೂಲ ಆಂಡ್ರಾಯ್ಡ್ ಮುಕ್ತವಾಗಿದ್ದರೂ ಪ್ಲೇ ಸ್ಟೋರ್, ನಕ್ಷೆ, ಜಿಮೇಲ್ ಮೊದಲಾದವು ಗೂಗಲ್‌ನ ಸ್ವಂತ ಆಸ್ತಿ. ಅವು ಬೇಕೆಂದರೆ ತಯಾರಕರು ಗೂಗಲ್‌ನ ಷರತ್ತಿಗೆ ಸಹಿ ಹಾಕಬೇಕು. ಈ ಷರತ್ತುಗಳ ಮೂಲಕ ಗೂಗಲ್ ತನ್ನ ಮೇಲುಗೈಯನ್ನು ದುರುಪಯೋಗ ಮಾಡಿಕೊಂಡಿದೆ ಎಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ತೀರ್ಪಿತ್ತು 1337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ಸೂಚನೆಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಕೋಟೆಯಲ್ಲಿ ಅರಸ ಕಣ್ಣಿಗೆ ಕಾಣುತ್ತಾನೆ, ಸಂತೆಯಲ್ಲಿ ಸುಂಕದವನು ಕಾಣುವುದಿಲ್ಲ ಎಂಬಷ್ಟೇ ವ್ಯತ್ಯಾಸ.

ಜಿಲ್ಲೆ ಸಂತೆಗೆ ಹೋದದ್ದೇಕೆ?

ಭಾರತದಲ್ಲಿ ಬಳಕೆಯಲ್ಲಿರುವ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಇದಕ್ಕೆ ಮೊದಲ ಕಾರಣ ಬೆಲೆಯೆಂಬುದನ್ನು ಹೇಳಬೇಕಾಗಿಲ್ಲ. ಸೋಜಿಗವೆಂದರೆ ಐಫೋನು ತಯಾರಾಗುವುದು ಕರ್ನಾಟಕದಲ್ಲಿಯೂ ಹೌದು. ಭಾರತದಲ್ಲಿ ಐಫೋನ್ ಜೋಡಣೆ 2017ರಲ್ಲಿ ಶುರುವಾದದ್ದೇ ಬೆಂಗಳೂರಿನ ಪೀಣ್ಯದಲ್ಲಿ, ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಹೋಗುವ ಹೆದ್ದಾರಿಯ ಬದಿಗೇ. ಮುಂದೆ ಕೋಲಾರದ ಬಳಿಯ ನರಸಾಪುರದಲ್ಲಿ, ಆಮೇಲೆ ದೇವನಹಳ್ಳಿಯಲ್ಲಿ ಕಾರ್ಖಾನೆಗಳು ತಲೆಯೆತ್ತಿದವು. ಆದರೂ ಹೊಸ ಐಫೋನಿನ ಬೆಲೆಗೆ ಮನೆಮಂದಿಗೆಲ್ಲ ಒಂದೊಂದು ಸಾದಾ ಆಂಡ್ರಾಯ್ಡ್ ಕೊಳ್ಳಬಹುದು.

ಎರಡನೆಯ ಕಾರಣ ಸರ್ಕಾರ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ, ರೈತರು ತಮ್ಮ ಹೊಲದ ಬೆಳೆಯ ಫೋಟೋ ತೆಗೆದು ತಾವೇ ದಾಖಲಿಸಲೆಂದು ಬೆಳೆ ಸಮೀಕ್ಷೆಯ ಆ್ಯಪ್ ತಂದಿತು. ಬೆಳೆ ವಿಮೆ, ಬರ ಪರಿಹಾರ, ಬೆಂಬಲ ಬೆಲೆಗಳಿಗೆಲ್ಲ ಈ ದಾಖಲೆಯೇ ಆಧಾರ. ಮಳೆ ಕೈಕೊಡುವುದು ಹೊಸತಲ್ಲದ ಈ ಸೀಮೆಯಲ್ಲಿ ಶೇಂಗಾ ಬಿತ್ತಿದವರಿಗೆ ಅದು ಸಣ್ಣ ಮಾತಲ್ಲ. ಆ ಆ್ಯಪ್ ಬಂದದ್ದು ಗೂಗಲ್‌ನ ಪ್ಲೇ ಸ್ಟೋರಿನಲ್ಲಿ. ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ಎತ್ತರ, ತೂಕ ಬರೆದಿಡುವ ಪೋಷಣ್ ಟ್ರ್ಯಾಕರ್ 2021ರಲ್ಲಿ ಬಂದದ್ದೂ ಆಂಡ್ರಾಯ್ಡ್ ಫೋನುಗಳಿಗಾಗಿಯೇ. ಹೆಚ್ಚು ಜನರ ಕೈಯಲ್ಲಿ ಯಾವುದಿದೆಯೋ ಸರ್ಕಾರ ಅದಕ್ಕೆ ಆ್ಯಪ್ ಮಾಡಿಸುತ್ತದೆ, ಯಾವುದಕ್ಕೆ ಆ್ಯಪ್ ಇದೆಯೋ ಜನ ಅದನ್ನೇ ಕೊಳ್ಳುತ್ತಾರೆ. ಅರ್ಥಶಾಸ್ತ್ರ ಬಲ್ಲವರು ಇದನ್ನು ಜಾಲದ ಪರಿಣಾಮ ಎನ್ನುತ್ತಾರೆ. ಜನ ಸೇರುವ ಸಂತೆಗೆ ಇನ್ನಷ್ಟು ಜನ ಸೇರುತ್ತಾರೆ ಎಂದರೂ ಅದೇ ಅರ್ಥ.

ಹತ್ತು ಸಂಕೇತಗಳ ದುರ್ಗ

ಮೂರನೆಯ ಕಾರಣ ಕನ್ನಡ. ‘ಚಿತ್ರದುರ್ಗ’ ಎಂದು ಬರೆಯಲು ಕೈಗೆ ನಾಲ್ಕು ಅಕ್ಷರ ಸಾಕು. ಗಣಕಕ್ಕೆ ಹತ್ತು ಸಂಕೇತ ಬೇಕು. ಚ, ಗುಡಿಸು, ತ, ಅರ್ಧಾಕ್ಷರದ ಗುರುತು, ರ, ದ, ಕೊಂಬು, ಮತ್ತೆ ರ, ಮತ್ತೊಂದು ಅರ್ಧಾಕ್ಷರದ ಗುರುತು, ಕೊನೆಗೆ ಗ. ಈ ಸಂಕೇತಗಳನ್ನು ನಿಗದಿ ಮಾಡಿದ್ದು ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಜಾಗ ಕೊಡುವ ಯುನಿಕೋಡ್ ಎಂಬ ಮಾನಕ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು.

ಸಂಕೇತ ಇದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ರ್ಗ’ದಲ್ಲಿ ಉಚ್ಚಾರಣೆಗೆ ರಕಾರ ಮೊದಲು, ಆದರೆ ಬರೆಯುವಾಗ ಅದು ಅರ್ಕಾವತ್ತಾಗಿ ಗಕಾರದ ಹಿಂದೆ ಹೋಗಿ ನಿಲ್ಲುತ್ತದೆ. ‘ತ್ರ’ದಲ್ಲಿ ಅದೇ ರಕಾರ ಒತ್ತಾಗಿ ಕೆಳಗಿಳಿಯುತ್ತದೆ. ಯಾವುದು ಎಲ್ಲಿ ಕೂರಬೇಕೆಂಬ ಈ ವ್ಯಾಕರಣವನ್ನು ಕಾರ್ಯಾಚರಣೆ ವ್ಯವಸ್ಥೆ ಕಲಿತಿರಬೇಕು. ಕಲಿಯದ ಫೋನುಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು, ಇಲ್ಲವೇ ಒತ್ತು ಕಳಚಿಬಿದ್ದ ಅಕ್ಷರ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ನೇ ಆವೃತ್ತಿ ಕನ್ನಡವನ್ನು ಸರಿಯಾಗಿ ತೋರಿಸತೊಡಗಿತು. ಐಫೋನಿನಲ್ಲಿ ಆಪಲ್ ತಾನೇ ಕನ್ನಡದ ಕೀಲಿಮಣೆ ಕೊಟ್ಟದ್ದು 2017ರಲ್ಲಿ. ಅದೇ ವರ್ಷ ಗೂಗಲ್ ಕನ್ನಡದಲ್ಲಿ ಮಾತನಾಡಿದ್ದನ್ನು ಬರಹಕ್ಕಿಳಿಸುವ ಸೌಲಭ್ಯ ತಂದಿತು. ಕೀಲಿಮಣೆ ಒತ್ತಲು ಬಾರದ ಹಿರಿಯರಿಗೆ ಇದರಿಂದ ಆದ ಅನುಕೂಲ ಕಡಿಮೆಯದಲ್ಲ.

ಇಂದು ಈ ವಿಷಯದಲ್ಲಿ ಎರಡರ ನಡುವೆ ದೊಡ್ಡ ಅಂತರವಿಲ್ಲ. ಯುನಿಕೋಡಿನಲ್ಲಿ ಬರೆದ ಪತ್ರ ಆಂಡ್ರಾಯ್ಡ್‌ನಿಂದ ಐಫೋನಿಗೆ, ಅಲ್ಲಿಂದ ಮೇಜಿನ ಗಣಕಕ್ಕೆ ಹೋದರೂ ಕೆಡುವುದಿಲ್ಲ. ಹಳೆಯ ‘ನುಡಿ’, ‘ಬರಹ’ಗಳ ಕಾಲದಲ್ಲಿ ಯುನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿಟ್ಟ ಕಡತಗಳನ್ನು ಫೋನಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬರೆದದ್ದು ಕನ್ನಡವೇ, ಆದರೆ ಬರೆದ ಜಾಗ ಬಿಟ್ಟು ಹೊರಬರಲಾರದ ಕನ್ನಡ.

ಬಿಟ್ಟುಹೋದ ಊರುಗಳು

ಹೊರಬರುವ ಈ ಮಾತೇ ಆಯ್ಕೆಯ ತಿರುಳು. ಫೋನಿನ ಲೋಕದಲ್ಲಿ ಹಾಳುಬಿದ್ದ ಊರುಗಳು ಬಹಳ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಸಿಡಿಎಂಎ ಎಂಬ ಬೇರೆಯೇ ತಂತ್ರದ ಫೋನು ಹಂಚಿದಾಗ ಊರೂರಿನಲ್ಲಿ ಜನ ಮುಗಿಬಿದ್ದರು. ಆ ಫೋನು ಅದೇ ಜಾಲಕ್ಕೆ ಕಟ್ಟುಬಿದ್ದದ್ದು, ಸಿಮ್ ತೆಗೆದು ಬೇರೆ ಫೋನಿಗೆ ಹಾಕುವಂತಿರಲಿಲ್ಲ. ಆ ಸೇವೆ ಮುಚ್ಚಿದಾಗ ಉಪಕರಣ ಮಕ್ಕಳ ಆಟಿಕೆಯಾಯಿತು.

ನೋಕಿಯಾದ ಸಿಂಬಿಯನ್ ಫೋನುಗಳಿಗೆ 2017ರಲ್ಲಿ ವಾಟ್ಸ್ಆ್ಯಪ್ ನಿಂತಿತು. 2014ರಲ್ಲಿ ಎರಡು ಸಾವಿರ ರೂಪಾಯಿಯೊಳಗೆ ಮಾರಾಟವಾದ ಫೈರ್‌ಫಾಕ್ಸ್ ಫೋನು ಎರಡು ಮೂರು ವರ್ಷವೂ ಬಾಳಲಿಲ್ಲ. ಮೈಕ್ರೋಸಾಫ್ಟ್‌ನಷ್ಟು ದೊಡ್ಡ ಕಂಪನಿಯ ವಿಂಡೋಸ್ ಫೋನಿಗೆ 2020ರ ಜನವರಿಯಲ್ಲಿ ಬೆಂಬಲ ಕೊನೆಗೊಂಡಿತು. ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳು 2022ರ ಜನವರಿ 4ರಂದು ಮೌನವಾದವು. 2017ರಲ್ಲಿ 1500 ರೂಪಾಯಿ ಠೇವಣಿಗೆ ದೊರೆತ, ಕಾಯ್ ಎಂಬ ವ್ಯವಸ್ಥೆಯ ಮೇಲೆ ನಡೆಯುವ ಜಿಯೋಫೋನು ಹಳ್ಳಿಗಳಲ್ಲಿ ಬಹಳ ಜನರ ಮೊದಲ ಅಂತರ್ಜಾಲ. ಅದಕ್ಕೂ 2024ರಲ್ಲಿ ವಾಟ್ಸ್ಆ್ಯಪ್ ಹೊಸದಾಗಿ ಹಾಕಿಕೊಳ್ಳುವುದು ನಿಂತಿತು. ಇವುಗಳನ್ನು ಕೊಂಡವರು ದಡ್ಡರೇನೂ ಅಲ್ಲ, ಆ ಹೊತ್ತಿಗೆ ಒಳ್ಳೆಯದೆಂದು ಕಂಡದ್ದನ್ನೇ ಕೊಂಡರು. ಊರು ಮುಚ್ಚುವಾಗ ಹೊರಡುವ ದಾರಿ ಮಾತ್ರ ಅವರ ಕೈಯಲ್ಲಿರಲಿಲ್ಲ.

ಮೊಬೈಲ್ ಸೇವೆಯ ಮಟ್ಟಿಗೆ ಆ ದಾರಿಯನ್ನು ಕಾನೂನೇ ಮಾಡಿಕೊಟ್ಟಿತು. 2011ರ ಜನವರಿ 20ರಿಂದ ದೇಶದಾದ್ಯಂತ, ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಯಿತು. ಆಂಡ್ರಾಯ್ಡ್‌ನಿಂದ ಐಫೋನಿಗೋ ಅಲ್ಲಿಂದ ಇಲ್ಲಿಗೋ ಹೋಗುವವರಿಗೆ ಅಂಥ ಹಕ್ಕಿಲ್ಲ. ದುಡ್ಡು ಕೊಟ್ಟು ಕೊಂಡ ಆ್ಯಪ್ ಜೊತೆಗೆ ಬರುವುದಿಲ್ಲ. ವಾಟ್ಸ್ಆ್ಯಪ್‌ನ ಹಳೆಯ ಮಾತುಕತೆ, ಫೋಟೋಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಲು ಕಂಪನಿಯೇ ದಾರಿ ಮಾಡಿದ್ದು 2021, 2022ರಲ್ಲಿ. ಅದಕ್ಕೆ ಮೊದಲು ಫೋನು ಬದಲಿಸಿದವರು ಅವನ್ನೆಲ್ಲ ಹಿಂದೆಯೇ ಬಿಟ್ಟು ಬರಬೇಕಿತ್ತು.

ಕಿಂಡಿ ಎಲ್ಲಿದೆ?

ಕೋಟೆಯೇ ಭದ್ರವಲ್ಲವೇ ಎಂದು ಕೇಳಬಹುದು. ಒಂದು ಮಟ್ಟಿಗೆ ಹೌದು. ಈಚಿನ ವರ್ಷಗಳಲ್ಲಿ ಮದುವೆ ಕರೆಯೋಲೆ, ಬ್ಯಾಂಕಿನ ಕೆವೈಸಿ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಎಂಬ ಕಡತ ಬರುತ್ತದೆ. ಒತ್ತಿ ಒಪ್ಪಿಗೆ ಕೊಟ್ಟರೆ ಅದೊಂದು ಆ್ಯಪ್ ಆಗಿ ಕುಳಿತು ಬ್ಯಾಂಕಿನ ಸಂದೇಶಗಳನ್ನು ಕದಿಯುತ್ತದೆ. ಇದು ಆಂಡ್ರಾಯ್ಡ್‌ನಲ್ಲಿ ನಡೆಯುವ ಮೋಸ. ಐಫೋನು ಆ ಕಡತವನ್ನು ಹತ್ತಿರ ಸೇರಿಸುವುದಿಲ್ಲ.

ಆದರೆ ದುರ್ಗದ ಕೋಟೆಯಲ್ಲೂ ಒಂದು ಕಿಂಡಿಯಿತ್ತು. ಹೈದರಾಲಿಯ ಸೈನಿಕರು ಅಲ್ಲಿಂದ ನುಸುಳಿದಾಗ ತಡೆದದ್ದು ಗೋಡೆಯಲ್ಲ, ಒನಕೆ ಹಿಡಿದು ನಿಂತ ಓಬವ್ವ ಎಂದು ಜನ ನೆನೆಯುತ್ತಾರೆ. ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿಕೊಂಡು ಒಟಿಪಿ ಕೇಳುವವನ ಕರೆ ಎರಡೂ ಬಗೆಯ ಫೋನಿಗೆ ಬರುತ್ತದೆ. ಅಲ್ಲಿ ಕಿಂಡಿ ಇರುವುದು ಫೋನಿನಲ್ಲಲ್ಲ, ಕೇಳುವವರ ಗಾಬರಿಯಲ್ಲಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೊಳ್ಳುವ ಮುನ್ನ

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕ್ಯಾಮೆರಾ, ಬಣ್ಣ, ಹೊಳಪಿನ ಬಗ್ಗೆ ಅಂಗಡಿಯವರು ತಾವಾಗಿಯೇ ಹೇಳುತ್ತಾರೆ. ಅವರಾಗಿ ಹೇಳದ ನಾಲ್ಕು ಸಂಗತಿಗಳನ್ನು ಕೇಳಿ ತಿಳಿಯಬೇಕು.

ಮೊದಲನೆಯದು ಆಯಸ್ಸು. ಕಳ್ಳಗಿಂಡಿಗಳನ್ನು ಮುಚ್ಚುವ ಭದ್ರತಾ ಪರಿಷ್ಕರಣೆ ಎಷ್ಟು ವರ್ಷ ಬರುತ್ತದೆ? ಐಫೋನಿಗೆ ಐದಾರು ವರ್ಷ ಬರುವುದು ವಾಡಿಕೆ. ಗೂಗಲ್ 2023ರಲ್ಲಿ, ಸ್ಯಾಮ್ಸಂಗ್ 2024ರಲ್ಲಿ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟವು. ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಇದು ತೀರ ಕಡಿಮೆ. ಬೆಲೆಯನ್ನು ಈ ವರ್ಷಗಳಿಂದ ಭಾಗಿಸಿ ನೋಡಿದರೆ ಎಷ್ಟೋ ಸಲ ಅಗ್ಗವೆನಿಸಿದ್ದು ಅಗ್ಗವಲ್ಲ. ಎರಡನೆಯದು ರಿಪೇರಿ. ಗಾಜು ಒಡೆದರೆ ತಾಲ್ಲೂಕಿನಲ್ಲೇ ಆಗುತ್ತದೆಯೋ, ದಾವಣಗೆರೆಗೋ ಬೆಂಗಳೂರಿಗೋ ಬಸ್ಸು ಹತ್ತಬೇಕೋ? ಮೂರನೆಯದು ಕೆಲಸ. ಮನೆಯವರಿಗೆ ನಿತ್ಯ ಬೇಕಾದ ಸರ್ಕಾರಿ, ಬ್ಯಾಂಕಿನ ಆ್ಯಪ್‌ಗಳು ಆ ಫೋನಿಗೆ ಇವೆಯೇ?

ನಾಲ್ಕನೆಯದೇ ಮುಖ್ಯ. ನಾಳೆ ಈ ವ್ಯವಸ್ಥೆಯನ್ನು ಬಿಡಬೇಕಾದರೆ ಫೋಟೋ, ನಂಬರು, ಬರಹ, ಲೆಕ್ಕಪತ್ರಗಳು ಜೊತೆಗೆ ಬರುತ್ತವೆಯೇ? ಈ ವಿಚಾರದಲ್ಲಿ ಕೊಳ್ಳುವವರು ತಾವೇ ಮಾಡಿಕೊಳ್ಳಬಹುದಾದ ಏರ್ಪಾಡುಗಳಿವೆ. ಫೋನ್ ನಂಬರುಗಳನ್ನು ಉಪಕರಣದಲ್ಲಷ್ಟೇ ಬಿಡದೆ ಖಾತೆಗೆ ಸೇರಿಸಿಡುವುದು, ಕನ್ನಡವನ್ನು ಯುನಿಕೋಡಿನಲ್ಲೇ ಬರೆಯುವುದು, ಫೋಟೋಗಳ ಒಂದು ಪ್ರತಿಯನ್ನು ಫೋನಿನ ಹೊರಗೆ, ಗಣಕದಲ್ಲೋ ಬೇರೆ ಡಿಸ್ಕಿನಲ್ಲೋ ಇಟ್ಟುಕೊಳ್ಳುವುದು, ಮುಖ್ಯ ಖಾತೆಯ ಗುಪ್ತಪದವನ್ನು ಅಂಗಡಿಯ ಹುಡುಗನಿಗೆ ಬಿಡದೆ ಮನೆಯಲ್ಲೇ ಬರೆದಿಡುವುದು. ಇಷ್ಟನ್ನು ಮಾಡಿಕೊಂಡವರಿಗೆ ಆಂಡ್ರಾಯ್ಡ್ ಆದರೂ ಸರಿ, ಐಫೋನ್ ಆದರೂ ಸರಿ. ಯಾವ ಕಂಪನಿ ಯಾವಾಗ ಬಾಗಿಲು ಹಾಕಿದರೂ ಮಗುವಿನ ಮೊದಲ ಫೋಟೋ, ತೋಟದ ಹತ್ತು ವರ್ಷದ ಲೆಕ್ಕ ಅವರ ಬಳಿಯೇ ಉಳಿದಿರುತ್ತವೆ.