ಪೀಠವಿರುವ ಊರಿಗೊಂದು ಯಾತ್ರೆ

ತಿರುಪ್ಪೂರಿನಿಂದ ಕೊಯಮತ್ತೂರಿಗೆ ಹೊರಟ ನಾವು ಮೊದಲು ಇಳಿದದ್ದು ದಾರಿಯಲ್ಲಿನ ಕರುಮತ್ತಂಪಟ್ಟಿಯಲ್ಲಿ. ಜಪಮಾಲೆ ಮಾತೆಯ ಈ ಪುಣ್ಯಕ್ಷೇತ್ರದಲ್ಲೇ 1846ರಲ್ಲಿ ಫ್ರಾನ್ಸ್ ದೇಶದ ಬ್ರೆಸಿಯ್ಯಾಕ್ ಸ್ವಾಮಿಗಳಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು.

ಅಲ್ಲಿಂದ ಕೊಯಮತ್ತೂರಿನ ಸಂತ ಮಿಖಾಯೇಲರ ಪ್ರಧಾನಾಲಯಕ್ಕೆ ಬಂದೆವು. ಧರ್ಮಾಧ್ಯಕ್ಷರ ಪೀಠವಿರುವುದರಿಂದಲೇ ಅದಕ್ಕೆ ಪ್ರಧಾನಾಲಯವೆಂದು ಹೆಸರು. ಇದರ ಕಟ್ಟಡ ಆರಂಭಿಸಿದವರೂ ಅದೇ ಬ್ರೆಸಿಯ್ಯಾಕರು. ಮುಗಿಸಿದವರು ಅನಂತರ ಬಂದವರು. ಈ ನಾಡಿನ ಮಕ್ಕಳೇ ಗುರುಗಳಾಗಬೇಕೆಂಬುದು ಅವರ ಹಂಬಲವಾಗಿತ್ತು.

ಭಾರತದ ಸೇವೆಗೆ ರಾಜೀನಾಮೆ ಕೊಟ್ಟ ಅವರು 1856ರಲ್ಲಿ ಲಿಯೋನ್ ನಗರದಲ್ಲಿ ಆಫ್ರಿಕಾ ಮಿಷನ್ ಸಭೆ ಸ್ಥಾಪಿಸಿದರು. 1859ರಲ್ಲಿ ಸಿಯೆರಾ ಲಿಯೋನಿನ ಫ್ರೀಟೌನಿಗೆ ಹೋಗಿ, ಆರೇ ವಾರಗಳಲ್ಲಿ ಹಳದಿಜ್ವರಕ್ಕೆ ಬಲಿಯಾದರು. ಕೊಯಮತ್ತೂರು ಧರ್ಮಕ್ಷೇತ್ರವಾದದ್ದು 1886ರಲ್ಲಿ.

ಪ್ರಿಯ ಕುಟುಂಬಗಳೇ, ಬಿತ್ತಿದವರು ಫಲ ಕಾಣದೆ ಹೋದರು; ನೆರಳು ನಮಗೆ ಸಿಕ್ಕಿದೆ. ಆ ಕಡೆ ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ, ಈ ಕಥೆ ಹೇಳಿರಿ. ನಮ್ಮ ಮನೆಗಳಿಂದಲೂ ದೇವಕರೆಗೆ ಓಗೊಡುವವರು ಏಳಲೆಂದು ಒಂದು ಕ್ಷಣ ಪ್ರಾರ್ಥಿಸಿರಿ.